ಮುಚ್ಚಳ ಕೂರುವ ಜಾಗ

ಪುಟ್ಟಿ ಅಪ್ಪನಿಗೆ ಪುಟ್ಟಿ ಅಮ್ಮ ಬರೆಯೋದು.

ಇಲ್ಲಿನ ಕಲಾ ಪ್ರದರ್ಶನದ ತುಂಬ ಮುಚ್ಚಳವಿರೋ ಪಿಂಗಾಣಿ ಡಬ್ಬಿಗಳೇ. ಒಳಗೆ ಏನೂ ಇಟ್ಟಿಲ್ಲ. ಆದರೂ ಜನ ಒಂದೊಂದನ್ನೇ ತೆರೆದು, ಮಗು ಮಲಗಿದೆಯೇನೋ ಅನ್ನೋ ಹಾಗೆ ಇಣುಕಿ, ಮೆಲ್ಲಗೆ ಮುಚ್ತಾರೆ. ಸರಿಯಾಗಿ ಹೊಂದೋ ಮುಚ್ಚಳ ಒಳಗಿನ ಗಾಳಿಯ ಮೇಲೆ ತೇಲುತ್ತಾ, ಉಸ್ಸಂತ ಇಳಿಯುತ್ತೆ. ನೋಡ್ತಾ ನಿಂತರೆ ನನಗೂ ಕಣ್ಣು ಮುಚ್ಚಿಕೊಂಡು ಬರುತ್ತೆ.

ತರಗತೀಲಿ ನಾನೂ ಅಂಥದ್ದೊಂದು ಮಾಡಿದೆ. ಡಬ್ಬೀನ ನೆರಳಲ್ಲಿ, ಮುಚ್ಚಳಾನ ಕಿಟಕಿ ಬಿಸಿಲಲ್ಲಿ ಒಣಗಿಸಿ ಕೆಟ್ಟೆ. ಸುಟ್ಟು ತೆಗೆದರೆ ಎರಡೂ ಸೊಟ್ಟ! ಕಲಿಸೋ ಅಜ್ಜಿ ನಕ್ಕರು: "ಜೊತೇಲೇ ಒಣಗಬೇಕು, ಜೊತೇಲೇ ಬೇಯಬೇಕು ಕಣಮ್ಮಾ. ಇಲ್ಲಾಂದ್ರೆ ಅದರ ಪಾಡಿಗೆ ಅದು, ಇದರ ಪಾಡಿಗೆ ಇದು ಸೊಟ್ಟಗಾಗುತ್ತೆ." ಎಸೆಯೋಕೆ ಮನಸ್ಸಾಗದೆ ಮುಚ್ಚಳ ತಿರುಗಿಸ್ತಾ ಕೂತೆ. ಒಂದು ಕಡೆ ಸದ್ದಿಲ್ಲದೆ ಕೂತುಬಿಡ್ತು.

ನನ್ನ ಕೆಮ್ಮು ವಾಸಿಯಾಗಿದೆ. ನಿಮ್ಮ ಬಿ.ಪಿ. ಮಾತ್ರೆ ಬಿಡಬೇಡಿ. ನಾನು ಕಲಿಯೋಕೆ ಅಂತ ಹೊರಟ ದಿನದಿಂದ ಮುಖ ಊದಿಸಿಕೊಂಡು ಫೋನೂ ಎತ್ತುತ್ತಿಲ್ಲ ನೀವು. ಅದಕ್ಕೇ ಬೇಕಂತಲೇ ಮುಚ್ಚಳವಿಲ್ಲದ ಈ ಅಂಚೆ ಕಾರ್ಡಲ್ಲಿ ಬರೆದೆ. ಇಷ್ಟೊತ್ತಿಗೆ ಅಂಚೆಯವನೂ ಓದಿರ್ತಾನೆ. ಪಾಪ, ಮುಂದೇನಾಯ್ತು ಅಂತ ಅವನಿಗಾದರೂ ಹೇಳಬೇಕಲ್ಲ, ಇವತ್ತು ಫೋನ್ ಎತ್ತಿ.

ಅವಸರದಲ್ಲಿ,
ನಿಮ್ಮವಳೇ