ಮೇಲ್ಕಂಡ ರೋಗಿಯು ಬಹುಶಃ

ಮಾರ್ಚ್ 3, ಸೋಮವಾರ

ಇವತ್ತಿನ ಎರಡನೇ ಪತ್ರ ತಿದ್ದಿದೆ. ಕೆಂಪು ಪೆನ್ನು ಮುಗಿಯುತ್ತ ಬಂತು. ಹಗಲೆಲ್ಲ ಇನ್‌ಸ್ಟಿಟ್ಯೂಟಿನಲ್ಲಿ ಊರವರ ಇಂಗ್ಲಿಷ್ ತಿದ್ದುವುದು, ಸಂಜೆ ಮನೆಯಲ್ಲಿ ತಮ್ಮನ ಹೆಂಡತಿ ನರ್ಸಮ್ಮನ ಇಂಗ್ಲಿಷ್.

ನರ್ಸಮ್ಮ ಬರೆದದ್ದು: ಶಿ ಮೇ ಪ್ರಾಬಬ್ಲಿ ಬಿ ಲೈಕ್ಲಿ ಟು ಫಾಲ್. ಒಬ್ಬ ಮುದುಕಿ ಬೀಳುವುದಕ್ಕೆ ಮೂರು ಸಂಶಯ. ಯಾವುದಾದರೂ ಒಂದನ್ನು ಇಟ್ಟುಕೋ ಎಂದೆ.

"ಮೂರೂ ಹಾಕಿದ್ರೆ ಮಾರ್ಕ್ಸ್ ಜಾಸ್ತಿ ಬರಲ್ವಾ ಅತ್ತಿಗೆ?"

"ಔಷಧಿ ಮೂರು ಪಟ್ಟು ಕೊಟ್ರೆ ರೋಗಿ ಬೇಗ ಏಳ್ತಾನಾ?"

"ಏಳ್ತಾನೆ. ಮೇಲಕ್ಕೆ."

ತಟ್ಟೆ ನೋಡಿಕೊಂಡು ತಮ್ಮ ನಕ್ಕ. ನಾನು ನೋಡಿದೆ. ನಿಲ್ಲಿಸಿದ.

ಎರಡನೇ ಪ್ಯಾರಾದಲ್ಲಿ ರೋಗಿಯೂ 'ಶಿ', ರೋಗಿಯ ಮಗಳೂ 'ಶಿ'. ಓದಿದರೆ ಆಪರೇಷನ್ ಆದದ್ದು ಮಗಳಿಗೆ, ಹೊಲಿಗೆ ಬಿಚ್ಚಬೇಕಾದದ್ದು ತಾಯಿಗೆ. ಹಿಂದೆ ಹೇಳಿದವರನ್ನು ಮತ್ತೆ ಸೂಚಿಸುವಾಗ ಯಾರು ಎಂದು ಗೊತ್ತಾಗಬೇಕು. ಫಾರ್ಮರ್, ಲ್ಯಾಟರ್ ಹೇಳಿಕೊಟ್ಟೆ — ಇಬ್ಬರಲ್ಲಿ ಮೊದಲು ಹೇಳಿದವರು, ಆಮೇಲೆ ಹೇಳಿದವರು. ತಲೆಯಾಡಿಸಿದಳು. ತಲೆಯಾಡಿಸುವುದರಲ್ಲಿ ಫಸ್ಟ್ ಕ್ಲಾಸ್.

ಏಪ್ರಿಲ್ 12ಕ್ಕೆ ಪರೀಕ್ಷೆ. ರೋಗಿಯ ವಿವರ ಕೊಡುತ್ತಾರೆ, ಇನ್ನೊಂದು ಕಡೆಯ ಡಾಕ್ಟರಿಗೆ ಪತ್ರ ಬರೆಯಬೇಕು. ಎರಡು ಸಲ ಇದರಲ್ಲೇ ಮುಗ್ಗರಿಸಿದ್ದಾಳೆ. ಪಾಸಾದರೆ ಹೊರದೇಶದ ಆಸ್ಪತ್ರೆಯ ಕೆಲಸ. ತಮ್ಮನೂ ಹೋಗುತ್ತಾನೆ. ಮಗಳೂ. ಅಂದರೆ ಮೆಣಸು. ಏಳು ವರ್ಷ, ಹೆಸರಿಗೆ ತಕ್ಕ ಖಾರ. ಎಂಟು ತಿಂಗಳ ಕೂಸಾಗಿದ್ದಾಗಿನಿಂದ ಮಲಗುವುದು ನನ್ನ ಪಕ್ಕದಲ್ಲಿ, ತಾಯಿಗೆ ನೈಟ್ ಡ್ಯೂಟಿ ಎಂದು.

"ಮನೇಲೇ ಮೇಡಂ ಇರುವಾಗ ಹೊರಗೆ ಯಾಕೆ?" ಎಂದು ತಮ್ಮ ಗೋಗರೆದ. ಒಪ್ಪಿಕೊಂಡೆ. ಮೇಡಂ ಅಂತೆ. ಕೆಲಸ ಆಗಬೇಕಾದಾಗ ಮೇಡಂ.

ಮಾರ್ಚ್ 5, ಬುಧವಾರ, ಬೆಳಿಗ್ಗೆ

ಡ್ಯೂಟಿಯಿಂದ ಬಂದವಳು ಬಟ್ಟೆ ಕೂಡ ಬದಲಿಸದೆ ನನ್ನ ಕುರ್ಚಿಯಲ್ಲಿ ಕುಳಿತಳು. ಡೆಟಾಲ್ ವಾಸನೆ. ಸಂಭವದ ಮೆಟ್ಟಿಲು ಬರೆದು ತೋರಿಸಿದೆ: ಆಗಿದ್ದರೂ ಆಗಿರಬಹುದು, ಆಗಿರಬಹುದು, ಬಹುಶಃ ಆಗಿದೆ, ಖಂಡಿತ ಆಗಿದೆ. ಪ್ರತಿಯೊಂದಕ್ಕೂ ಇಂಗ್ಲಿಷಿನಲ್ಲಿ ಬೇರೆ ಬೇರೆ ಮಾತು. ನೀನು ಕಂಡದ್ದು ಯಾವುದು, ಊಹಿಸಿದ್ದು ಯಾವುದು ಎಂದು ಓದುವ ಡಾಕ್ಟರಿಗೆ ಗೊತ್ತಾಗಬೇಕು ಎಂದೆ.

"ನಮ್ಮ ವಾರ್ಡಲ್ಲಿ ಇಷ್ಟೊಂದು ಅನುಮಾನ ಇಲ್ಲ ಅತ್ತಿಗೆ. ಸತ್ತಿದ್ರೆ ಸತ್ತಿದಾರೆ, ಇದ್ರೆ ಇದಾರೆ."

"ಮಧ್ಯದಲ್ಲಿರೋರು?"

"ಅವ್ರು ಬಿಲ್ ಕಟ್ತಾ ಇರ್ತಾರೆ."

ನಗು ಬಂತು. ನುಂಗಿದೆ. ಇವಳಿಗೆ ನಗು ತೋರಿಸಿದರೆ ಸಲಿಗೆ ಎಂದುಕೊಳ್ಳುತ್ತಾಳೆ.

ಎದ್ದು ಹೋಗುವಾಗ ಫ್ಯಾನ್ ಆರಿಸಿದಳು. ನಾನು ಕೂತೇ ಇದ್ದೆ.

ಮಾರ್ಚ್ 8, ಶನಿವಾರ

ಅಭ್ಯಾಸಕ್ಕೆ ರೋಗಿಗಳನ್ನು ನಾನೇ ಹುಟ್ಟಿಸಬೇಕು. ಇವತ್ತಿನವಳು: ಹೆಂಗಸು, ಮೂವತ್ತನಾಲ್ಕು ವರ್ಷ, ವೃತ್ತಿಯಲ್ಲಿ ನರ್ಸ್. ನಾಲಿಗೆ ಉದ್ದವಾಗಿದೆ. ಇನ್ನೊಬ್ಬರ ಮನೆಯಲ್ಲಿ ಸಾಮಾನು ತೆಗೆದ ಜಾಗದಲ್ಲಿ ಇಡುವುದಿಲ್ಲ. ಕಾರಣ ಊಹಿಸಿ, ಪತ್ರ ಬರೆಯಿರಿ.

ಓದಿದಳು. ಮುಖದಲ್ಲಿ ಏನೂ ಇಲ್ಲ. ಬರೆದಳು. ಮೂರೇ ತಪ್ಪು.

ಮಾರ್ಚ್ 9, ಭಾನುವಾರ

ಇವತ್ತು ತಾನೇ ಒಬ್ಬ ರೋಗಿಯನ್ನು ಹುಟ್ಟಿಸಿ ತಂದಳು. "ಇದನ್ನೂ ಒಂದು ತಿದ್ದಿ ಅತ್ತಿಗೆ, ಬೇಜಾರು ಕಳೆಯುತ್ತೆ."

ಮದುವೆಯಾಗದ ಹೆಂಗಸು, ಐವತ್ತೊಂದು ವರ್ಷ. ಬಿಪಿ ಜಾಸ್ತಿ. ದಿನವಿಡೀ ಸಿಡಿಮಿಡಿ. ಕೊನೆಯ ಸಾಲು: ದಿ ಅಬೌವ್ ಪೇಷಂಟ್ ಈಸ್ ಲೈಕ್ಲಿ ಟು ಬೈಟ್. ಮೇಲ್ಕಂಡ ರೋಗಿಯು ಕಚ್ಚುವ ಸಂಭವವಿದೆ.

ವಾಕ್ಯ ಸರಿಯಾಗಿತ್ತು. ಮಾರ್ಕ್ಸ್ ಕೊಡಲೇಬೇಕಾಯಿತು.

ಮೆಣಸು ಇಣುಕಿ, "ಯಾರು ಅತ್ತೆ ಕಚ್ಚೋದು?" ಎಂದಳು.

"ನಿಮ್ಮಮ್ಮನ್ನ ಕೇಳು."

"ಅಮ್ಮ ನಿನ್ನನ್ನ ಕೇಳು ಅಂದ್ಲು."

ಮಾರ್ಚ್ 14, ಶುಕ್ರವಾರ

ಟೆರೇಸಿನಲ್ಲಿ ಒಣಗಿದ ಬಟ್ಟೆ ತರಲು ಹೋದೆ. ನೀರಿನ ಟ್ಯಾಂಕಿನ ಆ ಕಡೆ ನರ್ಸಮ್ಮ, ಫೋನಿನಲ್ಲಿ. ಹೊರದೇಶದಲ್ಲಿ ಆಗಲೇ ಕೆಲಸಕ್ಕಿರುವ ಗೆಳತಿಯೊಂದಿಗೆ.

"ಅವಳಿಗೆ ಬೇರೆ ರೂಮೇ ಬೇಕು ಕಣೇ. ಒಬ್ಬಳೇ ಮಲಗೋದು ಕಲೀಲಿ. ಇಲ್ಲಿ ಅವರತ್ತೆ ಸೆರಗು ಹಿಡ್ಕೊಂಡು ಬಾಲ ಆಗ್ಬಿಟ್ಟಿದಾಳೆ. ಒಂದು ತಿಂಗಳು ಅಳ್ತಾಳೆ, ಆಮೇಲೆ ಮರ್ತುಬಿಡ್ತಾಳೆ. ಮಕ್ಕಳಲ್ವಾ."

ಒಂದು ತಿಂಗಳು. ಆರು ವರ್ಷಕ್ಕೆ ಒಂದು ತಿಂಗಳು.

ಸಂಜೆ ಅವಳ ಪತ್ರ ಬಂತು. ನಾಲ್ಕು ತಪ್ಪು ಕಣ್ಣಿಗೆ ಹೊಡೆಯುವಂತಿದ್ದವು. ನಾಲ್ಕಕ್ಕೂ ಟಿಕ್ ಹಾಕಿದೆ. ಕೆಳಗೆ 'ಗುಡ್' ಎಂದು ಬರೆದೆ. ಪೆನ್ನಿನ ಕ್ಯಾಪ್ ಹಾಕಿದೆ.

ಮಾರ್ಚ್ 22, ಶನಿವಾರ

ಎಂಟು ದಿನದಿಂದ ಗುಡ್. ನಿನ್ನೆ ವೆರಿ ಗುಡ್. ಈಗ ಪೂರ್ತಿ ಓದುವುದೂ ಇಲ್ಲ. ಮೊದಲ ಸಾಲು, ಕೊನೆಯ ಸಾಲು, ಟಿಕ್. ನರ್ಸಮ್ಮ ಹಾಡು ಗುನುಗುತ್ತ ಓಡಾಡುತ್ತಾಳೆ. ಸೂಟ್‌ಕೇಸ್‌ಗಳ ಬೆಲೆ ವಿಚಾರಿಸಿ ಬಂದ ತಮ್ಮ.

ಸುಳ್ಳು ಹೇಳಿಕೊಟ್ಟಿಲ್ಲ. ಒಂದೇ ಒಂದು ತಪ್ಪು ಪಾಠ ಮಾಡಿಲ್ಲ. ತಿದ್ದಿಲ್ಲ, ಅಷ್ಟೆ. ತಿದ್ದಲೇಬೇಕೆಂದು ಯಾವ ಕಾನೂನಿದೆ? ಫೇಲಾದರೆ ಇಲ್ಲೇ ಇರುತ್ತಾಳೆ, ಇದೇ ಆಸ್ಪತ್ರೆ, ಇದೇ ಸಂಬಳ. ಯಾರೂ ಸಾಯುವುದಿಲ್ಲ.

ಮಾರ್ಚ್ 23, ಭಾನುವಾರ

ಸಿಟ್ಟು ಇನ್ನೂ ಇಳಿದಿಲ್ಲ. ಬರೆಯುತ್ತೇನೆ.

ಊಟದ ಮೇಜಿನ ಮೇಲೆ ನಿನ್ನೆಯ ಪತ್ರ ತಂದಿಟ್ಟಳು. ನನ್ನ ಟಿಕ್, ನನ್ನ ಗುಡ್.

"ಜೋರಾಗಿ ಓದಿ ಅತ್ತಿಗೆ."

"ಯಾಕೆ?"

"ಓದಿ. ನಿಮ್ಮ ತಮ್ಮನೂ ಕೇಳಲಿ."

ಓದಿದೆ. ಮೊದಲ ಪ್ಯಾರಾದ ಎರಡನೇ ಸಾಲಿನಲ್ಲಿ ರೋಗಿ ಸತ್ತಿದ್ದ. ಶುಕ್ರವಾರ, ಹೃದಯ ನಿಂತು. ಮೂರನೇ ಪ್ಯಾರಾದಲ್ಲಿ ಮೇಲ್ಕಂಡ ರೋಗಿಯು ಬಹುಶಃ ಸೋಮವಾರ ತಾನೇ ನಡೆದುಕೊಂಡು ಫಿಸಿಯೋಥೆರಪಿಗೆ ಬರುತ್ತಾನೆ.

ತುತ್ತು ಬಾಯಲ್ಲೇ ಇಟ್ಟುಕೊಂಡು ಕೂತ ತಮ್ಮ.

"ನನ್ನ ಕೈಯಾರೆ ಹೆಣ ನಡೆಸಿದೀನಿ, ನೀವು ಗುಡ್ ಅಂದಿದೀರಿ" ಎಂದಳು. ದನಿ ಏರಿಸಲಿಲ್ಲ. ವಾರ್ಡಿನಲ್ಲಿ ಹೀಗೇ ಮಾತಾಡುತ್ತಾಳೇನೋ. "ಇದ್ದಕ್ಕಿದ್ದಂಗೆ ನಾನು ಅಷ್ಟು ಜಾಣೆ ಹೇಗಾದೆ ಅಂತ ಅನುಮಾನ ಬಂತು. ಬುಧವಾರ ಸುಮ್ನೆ ಒಂದು ತಪ್ಪು ಹಾಕ್ದೆ. ಗುರುವಾರ ಮೂರು. ನಿನ್ನೆ ಹೆಣ."

"ಕೆಲಸದ ಸುಸ್ತು. ಕಣ್ಣು ತಪ್ಪಿರಬಹುದು."

"ತಪ್ಪಿರಬಹುದು ಬೇಡ. ಕಂಡದ್ದು ಹೇಳಿ."

ನಾನು ಪತ್ರ ಮಡಿಚಿಟ್ಟೆ.

"ಮೆಣಸಿಗೋಸ್ಕರ ತಾನೆ? ಗೊತ್ತು. ಕೇಳಿ, ನಾನೊಂದು ಹೇಳ್ತೀನಿ. ನಾನು ಪಾಸಾದ್ರೆ ಅವಳು ಒಂದು ವರ್ಷ ನಿಮ್ಮ ಹತ್ರ ಇರ್ತಾಳೆ. ಅಲ್ಲೂ ಮೊದಲ ವರ್ಷ ಬರೀ ನೈಟ್ ಡ್ಯೂಟಿ, ನೋಡ್ಕೊಳ್ಳೋಕೆ ಯಾರೂ ಇಲ್ಲ. ಫೇಲಾದ್ರೆ ಮಾರನೇ ದಿನಾನೇ ನಾವು ಬೇರೆ ಮನೆ. ಅವಳ ಶಾಲೆ ಪಕ್ಕದಲ್ಲೇ ನೋಡಿಟ್ಟಿದೀನಿ. ಆಮೇಲೆ ನೀವು ಅವಳನ್ನ ಗೇಟಿನ ಹೊರಗಿಂದ ನೋಡ್ಬೇಕು."

"ನನ್ನನ್ನ ಯಾರೂ ಕೇಳ್ಲಿಲ್ವಲ್ಲ" ಎಂದ ತಮ್ಮ.

"ಸುಮ್ನಿರಿ." "ಸುಮ್ನಿರೋ." ಇಬ್ಬರೂ ಒಟ್ಟಿಗೆ ಹೇಳಿದೆವು. ಇವಳು ಈ ಮನೆಗೆ ಬಂದಮೇಲೆ ನಾವಿಬ್ಬರೂ ಒಮ್ಮತಕ್ಕೆ ಬಂದದ್ದು ಇದೇ ಮೊದಲು.

ಹಾವಿನಂಥವಳು. ಆದರೆ ಲೆಕ್ಕ ಸರಿಯಿದೆ.

ಮಾರ್ಚ್ 25, ಮಂಗಳವಾರ

ಶುರು. ಹಳೆಯ ಪತ್ರಗಳನ್ನೆಲ್ಲ ಮತ್ತೆ ತಿದ್ದಿದೆ. ಹೊಸ ಪೆನ್ನು ಬೇಕಾಯಿತು. ಕರುಣೆ ಗಿರುಣೆ ಇಲ್ಲ ಎಂದು ಮೊದಲೇ ಹೇಳಿದೆ.

"ಇದ್ದಿದ್ದು ಯಾವಾಗ?" ಎಂದಳು.

ಏಪ್ರಿಲ್ 2, ಬುಧವಾರ

'ದಿಸ್' ಬರೆದಲ್ಲೆಲ್ಲ ನಿಲ್ಲಿಸಿ ಕೇಳುತ್ತೇನೆ: ದಿಸ್ ಅಂದರೆ ಯಾವುದು? ಜ್ವರವಾ, ಮಾತ್ರೆಯಾ, ಮಗನಾ? ಬೆರಳಿಟ್ಟು ತೋರಿಸು. ಹಿಂದಿನ ಸಾಲಿನಲ್ಲಿ ಬೆರಳಿಡಲು ಜಾಗವಿಲ್ಲದಿದ್ದರೆ ಆ ಸಾಲು ಹೊಡೆದುಹಾಕು. ಐದನೇ ಸಲ ಬರೆಸಿದಾಗ ಪೆನ್ನು ಗೋಡೆಗೆ ಎಸೆದಳು.

"ನೀವು ಪಾಠ ಮಾಡ್ತಿದೀರೋ ಸೇಡು ತೀರಿಸ್ಕೊತಿದೀರೋ?"

"ಎರಡೂ. ಪೆನ್ನು ಎತ್ಕೊ."

ಎತ್ತಿಕೊಂಡಳು. ಆರನೇ ಸಲದ್ದು ಚೊಕ್ಕವಾಗಿತ್ತು. ಹೇಳಲಿಲ್ಲ.

ಏಪ್ರಿಲ್ 12, ಶನಿವಾರ

ಏಳಕ್ಕೇ ಹೊರಟಳು. ಬಾಗಿಲಲ್ಲಿ ನಿಂತು, "ಏನಾದ್ರೂ ಹೇಳೋದಿದ್ಯಾ?" ಎಂದಳು.

"ಮೇ ಜೊತೆ ಪ್ರಾಬಬ್ಲಿ ಹಾಕ್ಬೇಡ."

"ಆಶೀರ್ವಾದ ಅಂದ್ಕೋತೀನಿ."

ಇವತ್ತು ಇನ್‌ಸ್ಟಿಟ್ಯೂಟಿನಲ್ಲಿ ಪಾಠದಲ್ಲಿ ಮನಸ್ಸು ನಿಲ್ಲಲಿಲ್ಲ. ಕಂಡರಾಗದವಳು ಪಾಸಾಗಲಿ ಎಂದು ಹಲ್ಲು ಕಚ್ಚಿಕೊಂಡು ಕಾಯುವುದು. ಇಂಥ ಸ್ಥಿತಿ ಶತ್ರುವಿಗೂ ಬೇಡ. ಶತ್ರುವೇ ತಂದದ್ದು.

ಮೇ 2, ಶುಕ್ರವಾರ

ಪಾಸ್. ಬರವಣಿಗೆಯಲ್ಲೇ ಹೆಚ್ಚು ಅಂಕ. ಮೊಬೈಲನ್ನು ನನ್ನ ಮೂಗಿಗೆ ಹಿಡಿದಳು.

"ಕೊಟ್ಟ ಮಾತು?" ಎಂದೆ.

"ಕೊಟ್ಟಿದೀನಿ. ನಿಮ್ಮ ಥರ ಟಿಕ್ ಹಾಕಿ ಕೊಟ್ಟಿದ್ದಲ್ಲ."

ಆಮೇಲೆ ಅಡುಗೆಮನೆಯಲ್ಲಿ, ಬೆನ್ನು ತಿರುಗಿಸಿಕೊಂಡೇ: "ನಿಮ್ಮಷ್ಟು ಚೆನ್ನಾಗಿ ಅವಳನ್ನ ಬೇರೆ ಯಾರೂ ನೋಡ್ಕೊಳಲ್ಲ. ಇದನ್ನ ಹೇಳೋಕೆ ನನಗೆಷ್ಟು ಕಷ್ಟ ಆಗ್ತಿದೆ ಗೊತ್ತಾ?"

"ಗೊತ್ತು. ಇನ್ನೊಂದ್ಸಲ ಹೇಳು."

ಹೇಳಲಿಲ್ಲ. ಪಾತ್ರೆ ಕುಕ್ಕಿದಳು.

ಜುಲೈ 6, ಭಾನುವಾರ

ಹೋದರು. ಟ್ಯಾಕ್ಸಿ ಮೂಲೆ ತಿರುಗುವವರೆಗೆ ಮೆಣಸು ಬಾಲ್ಕನಿಯ ಕಂಬಿ ಹಿಡಿದು ನಿಂತಿದ್ದಳು. ಅಳಲಿಲ್ಲ. ನನ್ನ ಕೈ ಕೊಡವಿದಳು.

ಮನೆ ಸ್ವಚ್ಛ. ನನ್ನ ಕುರ್ಚಿ ನನಗೆ. ಡೆಟಾಲ್ ವಾಸನೆ ಇಲ್ಲ. ಗೆದ್ದೆ.

ಜುಲೈ 13, ಭಾನುವಾರ

ಸಂಜೆ ಏಳಕ್ಕೆ ಫೋನ್. ಮೆಣಸು ಮಾತಾಡಲು ಒಪ್ಪಲಿಲ್ಲ. ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಂಡಳು.

"ಊಟ ಮಾಡ್ತಾಳಾ? ನಿದ್ದೆ?"

"ಎಲ್ಲಾ ಚೆನ್ನಾಗಿದೆ. ಆಟದಲ್ಲಿದಾಳೆ" ಎಂದೆ.

ಮತ್ತೊಮ್ಮೆ ಅದನ್ನೇ ಕೇಳಿದಳು, ಅದನ್ನೇ ಹೇಳಿದೆ. "ಸರಿ ಅತ್ತಿಗೆ."

ಜುಲೈ 27, ಭಾನುವಾರ

ಇವತ್ತೂ ಚಿಲಕ. ಇವತ್ತೂ ಚೆನ್ನಾಗಿದಾಳೆ ಎಂದೆ.

ಫೋನಿಟ್ಟ ಮೇಲೆ ಹೊರಗೆ ಬಂದಳು. ತಲೆ ಬಾಚಲು ಕರೆದೆ. ಬಾಚಣಿಗೆ ಕಿತ್ತುಕೊಂಡಳು.

"ನೀನೇ ಅಮ್ಮನ್ನ ಪಾಸ್ ಮಾಡ್ಸಿದ್ದಂತೆ. ಅಪ್ಪ ಹೇಳಿದ್ರು."

"ಹೌದು, ಓದಿಸ್ದೆ."

"ನಿನಗೆ ಅಮ್ಮನ್ನ ಕಂಡ್ರೆ ಆಗಲ್ಲ. ಅದಕ್ಕೇ ಕಳ್ಸ್‌ಬಿಟ್ಟೆ."

"ಹಾಗಲ್ಲ ಪುಟ್ಟಾ—"

"ಹಾಗೇ. ನನ್ನ ಮುಟ್ಬೇಡ."

ನರ್ಸಮ್ಮನ ದನಿಯೇ. ಏರಿಸದ ದನಿ. ಹಾಸಿಗೆಯನ್ನು ಎಳೆದುಕೊಂಡು ಹೋಗಿ ತಾಯಿಯ ರೂಮಿನಲ್ಲಿ ಹಾಕಿಕೊಂಡಳು. ಒಬ್ಬಳೇ ಮಲಗುವುದನ್ನು ಕಲಿತಳು.

ಆಗಸ್ಟ್ 7, ಗುರುವಾರ

ಶಾಲೆಯಿಂದ ಟೀಚರ್ ಕರೆಸಿದ್ದರು. ಮೆಣಸು ಪಕ್ಕದ ಹುಡುಗಿಯ ಕೈ ಕಚ್ಚಿದ್ದಾಳೆ, ರಕ್ತ ಬರುವ ಹಾಗೆ. ಆ ಹುಡುಗಿ ಮಾಡಿದ್ದ ತಪ್ಪು — ನಮ್ಮಮ್ಮ ನನ್ನ ಕರೆದುಕೊಂಡು ಹೋಗೋಕೆ ಬರ್ತಾರೆ ಎಂದದ್ದು.

"ಮನೇಲಿ ಏನಾದ್ರೂ ತೊಂದರೆ ಇರಬಹುದಾ?" ಎಂದರು ಟೀಚರ್, ಬಹಳ ನಯವಾಗಿ.

ಇರಬಹುದು ಎಂದೆ.

ಆಗಸ್ಟ್ 10, ಭಾನುವಾರ, ಸಂಜೆ 6.40

ಇನ್ನು ಸ್ವಲ್ಪ ಹೊತ್ತಿಗೆ ಫೋನ್ ಬರುತ್ತದೆ. ನಿನ್ನೆ ಮೆಸೇಜ್ ಹಾಕಿದ್ದಾಳೆ: ನಾಳೆ ಚೆನ್ನಾಗಿದಾಳೆ ಅನ್ನಬೇಡಿ ಅತ್ತಿಗೆ. ಕಂಡದ್ದು ಹೇಳಿ.

ಕಂಡದ್ದು. ಮಧ್ಯಾಹ್ನದ ತಟ್ಟೆ ಹಾಗೇ ಇದೆ. ತೂಕ ಇಳಿದಿದೆ, ಫ್ರಾಕು ಭುಜದಿಂದ ಜಾರುತ್ತದೆ. ತಾಯಿ ಬಿಟ್ಟುಹೋದ ಹಳೆಯ ಯೂನಿಫಾರ್ಮ್ ಹೊದ್ದು ಮಲಗುತ್ತಾಳೆ. ತೊಳೆಯಲು ಕೇಳಿದರೆ ಕೊಡುವುದಿಲ್ಲ, ವಾಸನೆ ಹೋಗುತ್ತದಂತೆ. ನನ್ನ ಜೊತೆ ಮಾತು ಬಿಟ್ಟು ಎರಡು ವಾರ. ಬೇಕಾದ್ದನ್ನು ಬೆರಳಲ್ಲಿ ತೋರಿಸುತ್ತಾಳೆ.

ಇನ್ನೊಂದು ತಿಂಗಳು ಕಾದರೆ ಸರಿಹೋಗಬಹುದು ಎಂದು ಮೂರು ದಿನದಿಂದ ಹೇಳಿಕೊಳ್ಳುತ್ತಿದ್ದೇನೆ. ಹೋಗುವುದಿಲ್ಲ. ಇದು ಊಹೆಯಲ್ಲ. ನೋಡುತ್ತಿದ್ದೇನೆ.

ನೈಟ್ ಡ್ಯೂಟಿ ಇದ್ದರೆ ಇರಲಿ. ರಾತ್ರಿ ಅವರಪ್ಪ ನೋಡಿಕೊಳ್ಳಲಿ, ಹುಟ್ಟಿದಾಗಿನಿಂದ ಒಂದು ಕೆಲಸವಾದರೂ ಮಾಡಿದ ಹಾಗಾಗುತ್ತದೆ. ಮೆಣಸಿಗೆ ಟಿಕೆಟ್ ತೆಗೆಸಿ ಕರೆಸಿಕೊಳ್ಳಲಿ. ಬೇಕಾದರೆ ನಾನೇ ಕರೆದುಕೊಂಡು ಹೋಗಿ ಬಿಟ್ಟು, ಅವಳಮ್ಮನ ಮುಖಕ್ಕೇ ನಾಲ್ಕು ಮಾತು ಅಂದು ಬರುತ್ತೇನೆ. ಒಂದು ವರ್ಷ ನನಗೆ ಬೇಡ.

ಇದನ್ನು ಆ ಹೆಂಗಸಿಗೆ ಹೇಳಬೇಕು. ನಾನು. ನನ್ನ ಬಾಯಿಂದಲೇ.

ಬಂತು, ಫೋನ್. ಇವತ್ತು ಬಾತ್‌ರೂಮಿನ ಚಿಲಕದ ಸದ್ದಿಲ್ಲ. ಮೆಣಸು ಬಾಗಿಲಿಗೆ ಒರಗಿ ನಿಂತಿದ್ದಾಳೆ, ನನ್ನನ್ನೇ ನೋಡುತ್ತ. ಎತ್ತುತ್ತೇನೆ. ಮೊದಲು ನರ್ಸಮ್ಮನಿಗೆ ಚೆನ್ನಾಗಿ ಬೈದು, ಆಮೇಲೆ ಕಂಡದ್ದು ಕಂಡ ಹಾಗೆ—