ಬೊರೋನಿಯಾ ಮನೆಯ ಮೂಗು

ಮಾಂಜಿಮಪ್
೨೪ ಸೆಪ್ಟೆಂಬರ್ ೧೯೬೧

ಪ್ರೀತಿಯ ಮಾವಿಸ್ ಅಕ್ಕನಿಗೆ,

ನಿನ್ನ ಎರಡು ಕಾಗದಗಳೂ ಬಂದವು. ಇಷ್ಟು ದಿನ ಉತ್ತರಿಸದೆ ಸತಾಯಿಸಿದ್ದಕ್ಕೆ ಬೇಕಾದಷ್ಟು ಬೈದುಕೋ, ಮುನಿಸಿಕೊಳ್ಳಬೇಡ. ಬೊರೋನಿಯಾ ಅರಳುವ ಹೊತ್ತಿನಲ್ಲಿ ಈ ಮನೆಯಲ್ಲಿ ಕಾಗದ ಬರೆಯುವುದಿರಲಿ, ಕೂತು ಟೀ ಕುಡಿದರೂ ಅತ್ತೆಯ ಕಣ್ಣು ಗಡಿಯಾರದ ಕಡೆ ಹೋಗುತ್ತದೆ. ನಿನ್ನ ಮಂಡಿನೋವು ಹೇಗಿದೆ? ಫ್ರೀಮ್ಯಾಂಟಲ್‌ನ ಸಮುದ್ರದ ಗಾಳಿಗೆ ಅದು ಇನ್ನೂ ಬಿಗಿಯುತ್ತಿರಬೇಕು.

ಜೂನ್‌ನಲ್ಲಿ ನಾನು ಜ್ವರ ಬಂದು ಮಲಗಿದ್ದೆನೆಂದು ಮಗಳು ಲೊರೇನ್ ನಿನಗೆ ಬರೆದಿದ್ದಳಂತೆ. ಈಗ ಓಡಾಡಿಕೊಂಡಿದ್ದೇನೆ. ಅವಳು ಶಾಲೆ ಮುಗಿಸಿದಾಗಿನಿಂದ ನರ್ಸಿಂಗ್ ಸೇರುವ ಮಾತಾಡುತ್ತಿದ್ದಳು. ಅವಳಪ್ಪ ಸಿರಿಲ್ ಕೂಡ ಅಡ್ಡಿ ಮಾಡಲಿಲ್ಲ. "ಹೋಗ್ಲಿ ಬಿಡೇ. ಅವಳೂ ನನ್ನ ಥರಾನೇ, ಮೂಗಿಲ್ದೋಳು. ಇಲ್ಲಿದ್ದು ಏನ್ ಮಾಡ್ತಾಳೆ?" ಅಂದ.

ಈ ಮನೆತನದಲ್ಲಿ ಹುಟ್ಟಿದ ಯಾರಿಗೂ ಬೊರೋನಿಯಾದ ಘಮ ಹತ್ತುವುದಿಲ್ಲ ಎನ್ನುವುದು ನಿನಗೆ ಗೊತ್ತಿರುವುದೇ. ಗುಲಾಬಿ ಗೊತ್ತಾಗುತ್ತದೆ, ಸೀದ ರೊಟ್ಟಿ ಗೊತ್ತಾಗುತ್ತದೆ, ಹೊಟ್ಟೆ ಹೊರೆಯುವ ಈ ಗಿಡದ್ದೊಂದು ಮಾತ್ರ ಇಲ್ಲ. ಅದಕ್ಕೇ ಸೊಸೆಯನ್ನು ಮೂಗು ನೋಡಿ ತರುತ್ತಾರೆ. ಮೊದಲ ದಿನ ನನ್ನ ಮುಂದೆ ಕೇಕ್ ಇಡುವುದಕ್ಕೆ ಮುಂಚೆ ಅತ್ತೆ ಒಂದು ಎಸಳು ಬೊರೋನಿಯಾ ಹಿಡಿದು ಪರೀಕ್ಷೆ ಮಾಡಿದ್ದರಲ್ಲ. "ನಿನ್ ಮುಖ ನೋಡಿ ಒಪ್ಪಿದ್ದಲ್ಲ ಕಣೇ, ಮೂಗು ನೋಡಿ," ಎಂದು ಈಗಲೂ ನಗುತ್ತಾರೆ.

ಹೊರಗೆ ಕಂದು, ಒಳಗೆ ಹಳದಿ. ಹೂವಿನ ಬಣ್ಣ ನೋಡಿದರೆ ಏನೂ ತಿಳಿಯದು. ಘಮ ತುಂಬಿದ ದಿನವೇ ಕೊಯ್ಯಬೇಕು. ಅವಸರ ಮಾಡಿದರೆ ಅತ್ತರಿನ ಕಂಪನಿಯವನು ಡಬ್ಬಿಯ ಮುಚ್ಚಳ ತೆಗೆದು ಮುಖ ತಿರುಗಿಸುತ್ತಾನೆ, ವರ್ಷದ ದುಡಿಮೆ ಮಣ್ಣುಪಾಲು. ಹಾಗಾಗಿ ಬೆಳಿಗ್ಗೆ ಸಾಲು ಸಾಲನ್ನೂ ನಾನು ಮೂಸಿ ಹೇಳಬೇಕು. ಒಂದೆರಡು ಸಲ ಮೂಸುವಷ್ಟರಲ್ಲಿ ಮೂಗು ಮರಗಟ್ಟುತ್ತದೆ. ಆಗ ಸ್ವಂತ ತೋಳು ಮೂಸಿ ಅದನ್ನು ಎಬ್ಬಿಸಿಕೊಳ್ಳಬೇಕು. ಆಗಸ್ಟ್ ಬಂತೆಂದರೆ ನಾನು ಗೇಟು ದಾಟುವಂತಿಲ್ಲ. ಅಮ್ಮ ಹೋದಾಗಲೂ ದಾಟಲಿಲ್ಲ. "ಹೂವು ಕಾಯಲ್ಲ ಎನಿಡ್, ಸತ್ತೋರು ಕಾಯ್ತಾರೆ," ಅಂದಿದ್ದ ಸಿರಿಲ್. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ಅದಕ್ಕೇ ನನಗೆ ಇನ್ನಷ್ಟು ಉರಿಯಿತು.

ಈಗ ವಿಷಯಕ್ಕೆ ಬರುತ್ತೇನೆ. ಜ್ವರ ಹೋಗುವಾಗ ನನ್ನ ಮೂಗನ್ನೂ ಜೊತೆಗೆ ಕರೆದುಕೊಂಡು ಹೋಯಿತು ಅಕ್ಕಾ. ಸೀಮೆಎಣ್ಣೆಯೂ ಒಂದೇ, ಒಲೆಯ ಮೇಲಿನ ಕುರಿಮಾಂಸವೂ ಒಂದೇ. ಮೊದಲು ಹೆದರಿದೆ. ಆಮೇಲೆ, ನಿನ್ನಲ್ಲಿ ಮುಚ್ಚಿಡುವುದೇನು, ಖುಷಿಯಾಯಿತು. ಮೂಗಿಲ್ಲದವಳನ್ನು ಯಾರು ಕಟ್ಟಿಹಾಕುತ್ತಾರೆ? ಅಟ್ಟದಿಂದ ಪೆಟ್ಟಿಗೆ ಇಳಿಸಿ ಧೂಳು ಒರೆಸಿಟ್ಟೆ. ಹೇಳಬೇಕು, ನಾಳೆ ಹೇಳಬೇಕು ಅನ್ನುತ್ತಿರುವಾಗಲೇ ಕೊಯ್ಲು ಬಂದೇಬಿಟ್ಟಿತು.

ಸೋಮವಾರ ಸಾಲುಗಳ ನಡುವೆ ನಡೆದು, ತೋಳು ಮೂಸಿ, ನಾಟಕವೆಲ್ಲ ಎಂದಿನಂತೆ ಮಾಡಿದೆ. ಲೊರೇನ್ ಡಬ್ಬಿ ಹಿಡಿದು ಹಿಂದೆ ಬರುತ್ತಿದ್ದಳು. ಸಿರಿಲ್ ಬೇಲಿಯಾಚೆ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ.

"ಏನಂತೀಯ?"

"ಗುಡ್ಡದ ಕಡೇದು ಇವತ್ತೇ ಕೊಯ್ಯಿ. ತೊರೆ ಪಕ್ಕದ್ದು ಇನ್ನೂ ಬೇಡ."

ಸಂಜೆ ಕಂಪನಿಯವನು ಡಬ್ಬಿಯ ಮುಚ್ಚಳ ತೆಗೆದವನೇ ಕಣ್ಣು ಮುಚ್ಚಿಕೊಂಡ. ಈ ಸೀಮೆಯಲ್ಲಿ ಇಂಥ ಹೂವು ಇನ್ನೆಲ್ಲೂ ಸಿಕ್ಕಿಲ್ಲವಂತೆ. "ನೋಡ್ದೇನೋ, ನಾನು ಆರಿಸಿದ ಮೂಗು," ಎಂದು ಅತ್ತೆ ಮಗನಿಗೆ ಹೇಳಿದರು. ನಾನು ಒಲೆಗೆ ಸೌದೆ ಇಡುವ ನೆಪದಲ್ಲಿ ಮುಖ ಆಚೆ ಮಾಡಿಕೊಂಡೆ.

ಅಕ್ಟೋಬರಿಗೆ ಬಂದು ನಿನ್ನ ಹತ್ತಿರವೇ ಇದ್ದುಬಿಡುತ್ತೇನೆ ಎಂದು ಜುಲೈಯಲ್ಲಿ ಕಾರಣ ಹೇಳದೆ ಎರಡು ಸಾಲು ಬರೆದಿದ್ದೆನಲ್ಲ, ಬರಲಾಗುವುದಿಲ್ಲ. ನನಗೆಂದು ಹಿಂದಿನ ಕೋಣೆಗೆ ಬಣ್ಣ ಹೊಡೆಸಿದ್ದೀ ಎಂದು ಓದಿ ಕೋಳಿಗೂಡಿನ ಹಿಂದೆ ನಿಂತು ಅತ್ತುಬಿಟ್ಟೆ. ಪೆಟ್ಟಿಗೆ ಮತ್ತೆ ಅಟ್ಟಕ್ಕೆ ಹೋಗಿದೆ. ಮಂಡಿಗೆ ಬಿಸಿ ಉಪ್ಪಿನ ಶಾಖ ಕೊಡುವುದನ್ನು ಮರೆಯಬೇಡ. ದೇವರು ನಿನ್ನನ್ನು ನೆಮ್ಮದಿಯಾಗಿ ಇಟ್ಟಿರಲಿ.

ನಿನ್ನ ತಂಗಿ,
ಎನಿಡ್

ತಾ.ಕ.: ಸಾಲು ಮೂಸಿ ಹೇಳಿದ್ದು ನಾನಲ್ಲ, ಲೊರೇನ್. ಹಿಂದೆ ಬರುತ್ತಿದ್ದವಳು ನನ್ನ ನಾಟಕ ಗುರುತಿಸಿ ಮೆಲ್ಲಗೆ, "ಅಮ್ಮಾ, ಗುಡ್ಡದ ಕಡೇದು ತುಂಬಿದೆ, ತೊರೆ ಪಕ್ಕದ್ದು ಇನ್ನೂ ಬಂದಿಲ್ಲ," ಅಂದಳು. ಅದನ್ನೇ ನಾನು ಸಿರಿಲ್‌ಗೆ ಹೇಳಿದೆ. ಚಿಕ್ಕಂದಿನಿಂದಲೂ ಅವಳಿಗೆ ಘಮ ಹತ್ತುತ್ತದಂತೆ. ಮನೆಯ ಮಗಳೆಂದು ಯಾರೂ ಅವಳನ್ನು ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಈಗ ನರ್ಸಿಂಗ್ ಮಾತನ್ನೇ ಎತ್ತುತ್ತಿಲ್ಲ. "ನಾನಿದೀನಲ್ಲಮ್ಮ, ನೀನ್ಯಾಕೆ ಹೆದರ್ತೀಯ?" ಅನ್ನುತ್ತಾಳೆ. ಅತ್ತೆಯ ಮೂಗು ಮಂಕಾದ ವರ್ಷ ಅವರ ಕೈ ಹಿಡಿದು ನಾನು ಹೇಳಿದ್ದೂ ಇದೇ ಮಾತು. ನನ್ನ ಕೋಣೆಯನ್ನು ಅವಳಿಗೆ ಕೊಡು. ಮಂಡಿನೋವಿಗೆ ಆಸರೆ ಬೇಕೆಂದು ಸಿರಿಲ್‌ಗೆ ಇವತ್ತೇ ಕಾಗದ ಹಾಕು. ಮಗಳಿಗೆ ಮೂಗಿಲ್ಲವೆಂದು ಅವನು ನಂಬಿರುವಾಗಲೇ ಹಾಕು. ಅವಳು ರೈಲು ಹತ್ತುವವರೆಗೂ ನಾನು ದಿನಾ ತೋಳು ಮೂಸುತ್ತಿರುತ್ತೇನೆ.