ಲೈಟ್‌ಹೌಸಿನ ಕೆಳಗಿನ ಬೆಂಚು

೧೧ ಮಾರ್ಚ್, ಭಾನುವಾರ

ಪ್ರೀತಿಯ ಅಕ್ಕನಿಗೆ,

ಇಲ್ಲಿ ಅಮ್ಮ ಕ್ಷೇಮ, ಅಮ್ಮನ ಮಂಡಿ ಅರೆಕ್ಷೇಮ. ನಾನು ಹೇಗಿದ್ದೇನೆ ಎಂಬುದು ಓದುತ್ತಾ ಹೋದರೆ ನಿನಗೇ ತಿಳಿಯುತ್ತದೆ. ಹೋದ ವಾರ ಫೋನ್ ಇಟ್ಟ ಮೇಲೆ ನಾನು ಮಾತಾಡಿಲ್ಲ, ನಿನ್ನ ಮೆಸೇಜುಗಳಿಗೆ ಉತ್ತರ ಕೊಟ್ಟಿಲ್ಲ, ಭಾವ ಹೊಸ ಟೋಪಿ ಹಾಕಿಕೊಂಡು ತೆಗೆಸಿಕೊಂಡ ಫೋಟೋಗೆ ಒಂದು ಹೆಬ್ಬೆರಳನ್ನೂ ಒತ್ತಿಲ್ಲ. ತಡವಾಯಿತು, ಕ್ಷಮಿಸು. ಕೋಪ ಆರಲಿ ಅಂತ ಕಾದೆ. ಆರುವುದಕ್ಕೆ ಅದೇನು ಕಾಫಿಯೇ? ಇಟ್ಟಲ್ಲೇ ಇನ್ನಷ್ಟು ಬಿಸಿಯಾಯಿತು.

ಕಾಗದ ಯಾಕೆ ಅನ್ನುತ್ತೀಯ. ಫೋನಿನಲ್ಲಿ ನಾನು "ಅಕ್ಕಾ" ಅನ್ನುವಷ್ಟರಲ್ಲಿ ನೀನು "ಒಂದ್ನಿಮಿಷ, ನಿಮ್ಮ ಭಾವಂಗೆ ಕೊಡ್ತೀನಿ" ಅನ್ನುತ್ತೀಯ. ಅವರು ಸ್ಪೀಕರಿಗೆ ಹಾಕುತ್ತಾರೆ. ಆಮೇಲೆ ನಾನು ನಿನ್ನ ಜೊತೆ ಮಾತಾಡುತ್ತಿದ್ದೇನೋ, ನಿಮ್ಮ ಸೋಫಾದ ಜೊತೆಯೋ ಗೊತ್ತಾಗುವುದಿಲ್ಲ. ಕಾಗದಕ್ಕೆ ಮಧ್ಯೆ ಬಾಯಿ ಹಾಕಲು ಯಾರಿಗೂ ಬರುವುದಿಲ್ಲ. ದಯವಿಟ್ಟು ಒಬ್ಬಳೇ ಕೂತು ಓದು.

ಮೊದಲಿನಿಂದ ಹೇಳುತ್ತೇನೆ. ನಿಮ್ಮ ಮನೆಯಲ್ಲಿ ಈ ಕಥೆಗೆ ಇಷ್ಟೊತ್ತಿಗೆ ಬೇರೆ ಬಣ್ಣ ಬಂದಿರುತ್ತದೆ. ಭಾವ ರಿಟೈರ್ ಆದರು, ಹಡಗಿನ ಪ್ರವಾಸ ಗೊತ್ತುಮಾಡಿದರು. ನಿಮ್ಮಿಬ್ಬರಿಗೆ ಒಂದು ಕ್ಯಾಬಿನ್ನು, ಅಮ್ಮನಿಗೂ ನನಗೂ ಒಂದು. ಸಂತೋಷ. ಇದರಲ್ಲಿ ವ್ಯಂಗ್ಯವಿಲ್ಲ, ನಿಜವಾಗಿ ಸಂತೋಷಪಟ್ಟೆ. ಹಡಗು ಹೊರಡುವ ಊರಿಗೆ ಎರಡು ದಿನ ಮುಂಚೆ ಹೋಗಿ ಸುತ್ತಾಡೋಣ ಅಂದವಳು ನೀನು. "ಪ್ಲಾನೆಲ್ಲಾ ನೀನೇ ಮಾಡೇ, ನಂಗೆ ತಲೆ ಓಡಲ್ಲ" ಅಂದವಳೂ ನೀನೇ.

ಮಾಡಿದೆ. ಕ್ಲಿನಿಕ್ಕಿನಲ್ಲಿ ಹಲ್ಲುನೋವಿನವರನ್ನು ಒಬ್ಬೊಬ್ಬರಾಗಿ ಒಳಗೆ ಕಳಿಸುತ್ತಾ, ಅವರು ಅಲ್ಲಿ ಬಾಯಿ ತೆರೆದರೆ ನಾನು ಇಲ್ಲಿ ಆ ಊರಿನ ನಕ್ಷೆ ತೆರೆಯುತ್ತಿದ್ದೆ. ಒಂದು ದಿನ ಡಾಕ್ಟರು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿ, "ಏನಮ್ಮಾ, ಸಮುದ್ರಕ್ಕೂ ಅಪಾಯಿಂಟ್‌ಮೆಂಟ್ ಕೊಟ್ಟಿದೀಯ?" ಅಂದರು. ಅವರಿಗೆ ಗೋಡೆಗೆ ಹಾಕಲು "ಉಜ್ಜಿದರೆ ಹಲ್ಲು, ಮರೆತರೆ ಕಲ್ಲು" ಅಂತ ಬರೆದುಕೊಟ್ಟವಳು ನಾನು. ನಮ್ಮ ಪ್ರವಾಸಕ್ಕೂ "ಎರಡು ದಿನ ಊರು, ಆಮೇಲೆಲ್ಲಾ ನೀರು" ಅಂತ ಹೆಸರಿಟ್ಟೆ. ತಲುಪಿದ ದಿನ ಬಂದರಿನ ಬೀದಿಯಲ್ಲಿ ನಿಧಾನದ ನಡಿಗೆ, ಕೂತೇ ಊರು ನೋಡಲು ಟ್ರಾಮು. ಮಾರನೇ ದಿನ ಬೆಳಗ್ಗೆ ಹಳೆ ಮಾರುಕಟ್ಟೆ, ಮಧ್ಯಾಹ್ನ ಹಡಗುಗಳ ಮ್ಯೂಸಿಯಂ. ಅಮ್ಮ ಕೂರಲು ಎಲ್ಲೆಲ್ಲಿ ಜಾಗವಿದೆ ಎಂದು ಕೂಡ ನೋಡಿಕೊಂಡೆ. ಕೊನೆಯ ಬೆಳಗ್ಗೆ ಲೈಟ್‌ಹೌಸು.

ಇಡೀ ಪ್ಲಾನಿನಲ್ಲಿ ನನಗೆ ಅಂತ ನಾನು ಇಟ್ಟುಕೊಂಡದ್ದು ಅದೊಂದೇ. ಅದರ ಮೇಲೆ ಜನರನ್ನು ಬಿಡುವುದು ವಾರಕ್ಕೊಮ್ಮೆ, ಬೆಳಗ್ಗೆ ಮಾತ್ರ. ಆ ದಿನ ನೋಡಿದರೆ ನಾವು ಹಡಗು ಹತ್ತುವ ದಿನವೇ. ರೂಮು ಬಿಟ್ಟು ಹಡಗು ಹತ್ತುವವರೆಗೆ ಲಗೇಜು ಎಲ್ಲಿಡುವುದು? ಈ ಪ್ರಶ್ನೆ ನಮ್ಮ ಮನೆಯಲ್ಲಿ ಬೇರೆ ಯಾರಿಗೂ ಹೊಳೆಯುವುದಿಲ್ಲ, ನನಗೆ ಮಾತ್ರ ನಿದ್ದೆಯಲ್ಲೂ ಹೊಳೆಯುತ್ತದೆ. ಅದಕ್ಕೇ ಒಂದೊಂದೇ ಲಾಡ್ಜಿಗೆ ಫೋನು ಮಾಡಿ, ಲಗೇಜಿಗೆ ಬೇರೆ ಕೋಣೆ ಇರುವುದನ್ನು ಹುಡುಕಿದೆ. "ಸಂಜೆವರೆಗೂ ಇಡಬಹುದಾ?" ಅಂದರೆ ಆ ಮ್ಯಾನೇಜರು, "ಆನೆ ತಂದ್ರೂ ಕಟ್ಟಿ ಹೋಗಿ ಮೇಡಂ" ಅಂದರು. ಆವತ್ತು ಎಷ್ಟು ಹಗುರಾಗಿದ್ದೆ ಗೊತ್ತಾ? ಮನೆಗೆ ಬಂದು ಅಮ್ಮನ ಮುಂದೆ ಹಾಡಿದೆ. ಅಮ್ಮ ಟಿವಿ ಸೌಂಡು ಜಾಸ್ತಿ ಮಾಡಿದಳು.

ಆ ಲಾಡ್ಜನ್ನು ಭಾವ ನನಗೊಂದು ಮಾತೂ ಹೇಳದೆ ರದ್ದು ಮಾಡಿದರು. ಯಾಕಂತೆ? ಅಲ್ಲಿಂದ ಸಮುದ್ರ ಕಾಣುವುದಿಲ್ಲವಂತೆ.

"ಭಾವ, ಆಮೇಲೆ ವಾರವಿಡೀ ಸಮುದ್ರ ಬಿಟ್ಟು ಇನ್ನೇನೂ ಕಾಣಲ್ವಲ್ಲ" ಅಂದೆ.

"ಹಾಗಲ್ಲಮ್ಮಾ, ದಡದಿಂದ ನೋಡೋದೇ ಬೇರೆ" ಅಂದರು, ಅರ್ಧ ಆಯಸ್ಸು ನೀರಿನ ಮೇಲೆ ಕಳೆದವರ ಹಾಗೆ. ಮೂವತ್ತು ವರ್ಷ ಅವರು ನಡೆಸಿದ್ದು ವಿಮಾ ಕಚೇರಿ. ಇರಲಿ.

ಅವರು ಹಿಡಿದದ್ದು ಒಂದು ಫ್ಲಾಟು. ಅಲ್ಲಿ ಮ್ಯಾನೇಜರಿಲ್ಲ, ಕಾವಲುಗಾರನಿಲ್ಲ. ಬಾಗಿಲಿಗೆ ನಂಬರು ಒತ್ತಿದರೆ ಒಳಗೆ, ಬೆಳಗ್ಗೆ ಹತ್ತು ಹೊಡೆದರೆ ಸಾಮಾನು ಸಮೇತ ಹೊರಗೆ. ಬಂದರಿನವರು ಲಗೇಜು ತೆಗೆದುಕೊಳ್ಳುವುದು ಮಧ್ಯಾಹ್ನದ ಮೇಲೆ. "ಮತ್ತೆ ಲಗೇಜು?" ಅಂತ ಕೇಳಿದೆ. ನೀನು ನಕ್ಕೆ. ನಕ್ಕು ಏನಂದೆ, ನೆನಪಿದೆಯಾ?

"ಅಯ್ಯೋ, ಅದಕ್ಯಾಕೆ ಯೋಚನೆ, ನಮ್ ಚಿಲಕ ಇದಾಳಲ್ಲ! ಲೈಟ್‌ಹೌಸ್ ಕೆಳಗಡೆ ಬೆಂಚಿದೆಯಂತೆ. ಕೈಗೊಂದು ಪುಸ್ತಕ ಕೊಟ್ರೆ ಅವಳ ಪಾಡಿಗೆ ಅವಳು ಇರ್ತಾಳೆ. ಅಮ್ಮಂಗೂ ಜೊತೆ ಆಗುತ್ತೆ."

ಭಾವ ಸೇರಿಸಿದರು: "ಮೇಲಿಂದ ಫೋಟೋ ಕಳಿಸ್ತೀವಿ ಬಿಡಮ್ಮಾ."

ಫೋಟೋ! ಆ ಲೈಟ್‌ಹೌಸು ಯಾವ ದಿಕ್ಕಿನಲ್ಲಿದೆ ಎಂದು ನಿಮ್ಮಿಬ್ಬರಿಗೆ ಹೇಳಿದವಳು ನಾನು. ಅದರ ಫೋಟೋ ನನಗೇ ಕಳಿಸುತ್ತೀರಾ, ನಾನು ಅದರ ಬುಡದಲ್ಲಿ ಕೂತಿರುವಾಗ?

ಚಿಲಕ. ನಲವತ್ತೈದಾದರೂ ಬಿಡದ ಹೆಸರು. ಹೊಸದಾಗಿ ಮನೆಗೆ ಬಂದವರು ಇದೇನೋ ಮುದ್ದಿನ ಹೆಸರು ಅಂದುಕೊಳ್ಳುತ್ತಾರೆ. ಅಪ್ಪ ಅದನ್ನು ಯಾಕಿಟ್ಟರು ಎಂಬುದು ನಿನಗೂ ನನಗೂ ಗೊತ್ತು. ರಜೆ ಬಂದರೆ ಅಪ್ಪ ನಮ್ಮನ್ನೆಲ್ಲಾ ಕಟ್ಟಿಕೊಂಡು ಊರೂರು ತೋರಿಸಲು ಹೊರಡುತ್ತಿದ್ದರು. ಪೆಟ್ಟಿಗೆಗಳಿಗೆ ಬಿಳಿ ಬಣ್ಣದಲ್ಲಿ ನಂಬರು ಬರೆದು, ಇಳಿದಲ್ಲೆಲ್ಲಾ ಜೋರಾಗಿ ಎಣಿಸುತ್ತಿದ್ದರು. ಮಕ್ಕಳನ್ನು ಎಣಿಸುತ್ತಿರಲಿಲ್ಲ. "ಮಕ್ಕಳಿಗೆ ಕಾಲಿದೆ, ಬರ್ತವೆ. ಪೆಟ್ಟಿಗೆಗೆಲ್ಲಿದೆ ಕಾಲು?" ಎನ್ನುತ್ತಿದ್ದರು. ಪೆಟ್ಟಿಗೆಗಳ ಮೇಲೆ ನನ್ನನ್ನು ಕೂರಿಸಿ, ಕೈಗೊಂದು ಕಥೆ ಪುಸ್ತಕ ಕೊಟ್ಟು, "ಚಿಲಕ ಹಾಕಾಯ್ತು, ನಡೀರಿ" ಅಂತ ನಿಮ್ಮನ್ನು ಕರೆದುಕೊಂಡು ಹೋಗುತ್ತಿದ್ದರು. ನೀವು ಜಲಪಾತ ನೋಡಿದಿರಿ, ನಾನು ಬಸ್‌ಸ್ಟ್ಯಾಂಡಿನ ನಲ್ಲಿ ನೋಡಿದೆ. ನೀವು ಅರಮನೆ ನೋಡಿದಿರಿ, ನಾನು ಅದರ ಮುಂದಿನ ಟಿಕೆಟ್ ಕಿಟಕಿ ನೋಡಿದೆ. ಮನೆಗೆ ನೀನು ತಿಲಕ, ನಾನು ಚಿಲಕ. ನನಗೆ ಓದುವ ಹುಚ್ಚು ಅಂತ ನೀವೆಲ್ಲಾ ಹೇಳುತ್ತೀರಿ. ಆ ಹುಚ್ಚು ಹತ್ತಿದ್ದೇ ಪೆಟ್ಟಿಗೆಯ ಮೇಲೆ ಕೂತು. ಪುಸ್ತಕ ಮುಗಿದರೂ ನೀವು ಬರುತ್ತಿರಲಿಲ್ಲ. ಆಗ ಪೆಟ್ಟಿಗೆ, ಕೊಟ್ಟಿಗೆ, ಒಟ್ಟಿಗೆ ಅಂತ ಪ್ರಾಸ ಹೊಂದಿಸುತ್ತಾ ಕೂರುತ್ತಿದ್ದೆ. ಈಗ ಅದೇ ಚಟ.

ಅದರ ಮೇಲೆ ಭಾವನ ಕಥೆ ಬೇರೆ. ಮನೆಗೆ ಯಾರೇ ಬರಲಿ, ಟೀ ಲೋಟ ಕೆಳಗಿಡುವ ಮೊದಲು ಶುರು: "ನಮ್ಮ ಮಾವ ಒಂದ್ಸಲ ಲಗೇಜೆಲ್ಲಾ ಎಣಿಸಿ ಬಸ್ಸಿನ ಟಾಪಿಗೆ ಹಾಕ್ಸಿದ್ರು. ಎಲ್ಲಾ ಸರಿ ಇತ್ತು. ಅರ್ಧ ದಾರಿಗೆ ಹೋದ್ಮೇಲೆ ನೋಡ್ತಾರೆ, ಚಿಲಕ ಕಳಚಿ ಬಿದ್ದಿದೆ!" ಎಲ್ಲರೂ ನಗುತ್ತಾರೆ. ಮದುವೆಯಾಗಿ ಬಂದ ಮೇಲೆ ಕೇಳಿದ ಕಥೆಯನ್ನು ಅವರು ಕಣ್ಣಾರೆ ಕಂಡವರಂತೆ ಹೇಳುತ್ತಾರೆ. ಕಣ್ಣಾರೆ ಕಂಡ ನೀನು ಮಾತ್ರ ಆಗ ಎದ್ದು ಲೋಟ ತೊಳೆಯಲು ಹೋಗುತ್ತೀಯ.

ಸೋಮವಾರ

ನಿನ್ನೆ ಅಲ್ಲಿಗೆ ನಿಲ್ಲಿಸಿದೆ, ಪೆನ್ನು ಕಾಗದವನ್ನೇ ಹರಿಯುವ ಹಾಗಿತ್ತು. ಇವತ್ತು ಊಟದ ಬಿಡುವಿನಲ್ಲಿ ಆ ಲಾಡ್ಜಿಗೆ ಮತ್ತೆ ಫೋನು ಮಾಡಿದೆ. ರೂಮೆಲ್ಲಾ ತುಂಬಿಹೋಗಿದೆಯಂತೆ. ಬರೀ ಲಗೇಜು ಇಟ್ಟುಕೊಳ್ಳುತ್ತೀರಾ ಅಂದೆ. ಅವರಲ್ಲಿ ಇಳಿದುಕೊಳ್ಳದವರ ಸಾಮಾನು ಇಡುವುದಿಲ್ಲವಂತೆ.

"ಆನೆ?" ಅಂದೆ.

"ಆನೆನೂ ಇಲ್ಲ ಮೇಡಂ" ಅಂದರು, ಪಾಪ, ಬೇಜಾರಿನಲ್ಲೇ.

ಈಗ ನಾನಿದನ್ನು ಬರೆಯುತ್ತಿದ್ದರೆ ಅಮ್ಮ ಹೊಸ ಶೂ ಹಾಕಿಕೊಂಡು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ನಡೆಯುತ್ತಿದ್ದಾಳೆ. ಹಡಗಿಗೆ ಅಭ್ಯಾಸವಂತೆ. ಒಂದೊಂದು ಸಲ ಬೇಕೆಂದೇ ಓಲಾಡುತ್ತಾಳೆ.

"ಆಗಿಂದ ಏನೇ ಗೀಚ್ತಿದೀಯ?" ಅಂದಳು.

"ಅಕ್ಕಂಗೆ ಕಾಗದ."

"ಫೋನಿದೆಯಲ್ಲೇ."

"ಅದರಲ್ಲಿ ಬೈಯಕ್ಕಾಗಲ್ಲ. ಭಾವ ಇರ್ತಾರೆ."

ಅಮ್ಮ ಬಂದು ಪಕ್ಕದಲ್ಲಿ ಕೂತಳು. "ಹೋಗ್ಲಿ ಬಿಡೇ. ಲಗೇಜು ನಾನೇ ನೋಡ್ಕೋತೀನಿ. ನಂಗೆ ಹೇಗಿದ್ರೂ ಮೆಟ್ಲು ಹತ್ತಕ್ಕಾಗಲ್ಲ. ನೀವು ಮೂವರೂ ಹೋಗ್ಬನ್ನಿ."

"ಅಮ್ಮಾ, ಪಕ್ಕದ ಸೀಟಿನವರ ಕೈಗೆ ಕೊಡೆ ಕೊಟ್ಟು ಬಸ್ಸಿಳಿದು ಬಂದೋಳು ನೀನು."

"ಅವರು ಒಳ್ಳೆ ಜನ ಕಣೇ."

"ಒಳ್ಳೆಯವರೇ. ಕೊಡೆ ಎಲ್ಲಿ?"

ಅಮ್ಮ ಶೂ ಬಿಚ್ಚುತ್ತಾ ಅಂದಳು: "ನಿಮ್ಮಕ್ಕ ಮೊದಲಿಂದ್ಲೂ ಹಾಗೇ. ನೀನೇ ಹೊಂದ್ಕೋಬೇಕು."

ನೋಡು, ಹೊತ್ತಿಕೊಂಡದ್ದು ಇಲ್ಲಿ. ಈ ಮನೆಯಲ್ಲಿ "ಹೊಂದ್ಕೋ" ಎಂಬ ಮಾತು ಯಾವಾಗಲೂ ಚಿಕ್ಕವಳ ಕಡೆಗೇ ಹರಿದು ಬರುತ್ತದೆ. ನೀನು ಹಾಗೇ, ಭಾವ ಹಾಗೇ, ಅಪ್ಪನೂ ಹಾಗೇ ಇದ್ದರು, ಹೀಗಿರಬೇಕಾದವಳು ನಾನೊಬ್ಬಳೇ! ಅಮ್ಮನ ಔಷಧಿ, ಅಮ್ಮನ ಕನ್ನಡಕ, ಅಮ್ಮನ ಡಾಕ್ಟರು, ಎಲ್ಲಾ ನನ್ನದು. ಅದರ ಲೆಕ್ಕ ನಿನ್ನ ಹತ್ತಿರ ನಾನೆಂದೂ ಕೇಳಿಲ್ಲ, ಈಗಲೂ ಕೇಳುವುದಿಲ್ಲ. ಅಮ್ಮನನ್ನು ಕಂಡರೆ ನನಗೆ ಇಷ್ಟ, ಓಲಾಡುವಾಗಂತೂ ಇನ್ನೂ ಇಷ್ಟ. ಆದರೆ ಅಮ್ಮನಿಗೆ ಜೊತೆ ಬೇಕು ಎಂಬ ನೆಪ ಹೇಳಿ ನನ್ನನ್ನು ಮತ್ತೆ ಪೆಟ್ಟಿಗೆ ಮೇಲೆ ಕೂರಿಸಲು ನೋಡಿದೆಯಲ್ಲ, ಅದು ಮಾತ್ರ ನುಂಗಲಾಗುತ್ತಿಲ್ಲ. ವರ್ಷಪೂರ್ತಿ ಅಮ್ಮ ನನ್ನ ಜೊತೆ ಇರುತ್ತಾಳೆ. ಒಂದು ಬೆಳಗ್ಗೆ ನಿನ್ನ ಜೊತೆ ಕೂರಲಿ.

ನನ್ನ ತೀರ್ಮಾನ ಇಷ್ಟೇ. ಆವತ್ತು ಲೈಟ್‌ಹೌಸು ಹತ್ತುವವಳು ನಾನು. ಭಾವನೂ ಬರಲಿ, ಬೇಡ ಅನ್ನುವುದಿಲ್ಲ. ಮೇಲೆ ಗಾಳಿ ಜೋರಂತೆ, ಟೋಪಿ ಹಿಡಿದುಕೊಂಡರೆ ಸಾಕು. ಕೆಳಗೆ ಬೆಂಚಿನ ಮೇಲೆ ಅಮ್ಮನ ಪಕ್ಕ, ಲಗೇಜಿನ ಮಧ್ಯ, ನೀನು ಕೂರು. ನಾನು ಮೇಲೆ ಆತುರ ಮಾಡುವುದಿಲ್ಲ ಎಂದು ಈಗಲೇ ಹೇಳಿಬಿಡುತ್ತೇನೆ. ಹೆದರಬೇಡ, ಪುಸ್ತಕ ನಾನೇ ತರುತ್ತೇನೆ. ದಪ್ಪನೆಯದೇ ತರುತ್ತೇನೆ.

ಇದು ಆಗುವುದಿಲ್ಲ ಅನ್ನುವುದಾದರೆ ಅಮ್ಮನನ್ನು ನಿಮ್ಮ ಮನೆಗೆ ತಂದು ಬಿಟ್ಟು ನಾನು ವಾಪಸು ಬರುತ್ತೇನೆ, ಹಡಗೂ ಬೇಡ. ಆ ಲೈಟ್‌ಹೌಸು ಎಲ್ಲಿಗೂ ಹೋಗುವುದಿಲ್ಲ. ಅದಕ್ಕೂ ಕಾಲಿಲ್ಲ. ಇನ್ನೊಂದು ಸಲ ಒಬ್ಬಳೇ ಹೋಗಿ ನೋಡಿಕೊಳ್ಳುತ್ತೇನೆ. ಸುಮ್ಮನೆ ಬೆದರಿಸುತ್ತಿದ್ದೇನೆ ಅಂದುಕೊಳ್ಳಬೇಡ. ಉತ್ತರ ನೀನು ಬರೆ, ಸ್ಪೀಕರಿನಲ್ಲಿ ಬೇಡ.

ನಿನ್ನ ಮಗಳ ಪರೀಕ್ಷೆ ಚೆನ್ನಾಗಿ ಆಗಲಿ, ಅವಳಿಗೆ ಚಿಕ್ಕಮ್ಮನ ತುಂಬು ಆಶೀರ್ವಾದ. ಅವಳು ಎಲ್ಲಿಗೆ ಹೋದರೂ ಕಿಟಕಿ ಪಕ್ಕದ ಸೀಟೇ ಸಿಗಲಿ. ಭಾವನಿಗೆ ನಮಸ್ಕಾರ, ಅವರ ಟೋಪಿಗೂ. ನಿನಗೂ ನಮಸ್ಕಾರ, ಕೋಪವಿದ್ದರೂ ನೀನು ನನಗಿಂತ ದೊಡ್ಡವಳೇ, ಅದನ್ನು ರದ್ದು ಮಾಡಲು ಬರುವುದಿಲ್ಲ. ನಿನ್ನ ಬೆನ್ನುನೋವಿಗೆ ಅಮ್ಮ ಎಣ್ಣೆ ಎತ್ತಿಟ್ಟಿದ್ದಾಳೆ, ಬರುವಾಗ ತರುತ್ತೇನೆ. ಬಂದರೆ.

ಇಂತಿ,
ನಿನ್ನ ತಂಗಿ
(ಆ ಇನ್ನೊಂದು ಹೆಸರಿನಲ್ಲಿ ಇನ್ನು ಮುಂದೆ ಸಹಿ ಇಲ್ಲ.)

ತಾ.ಕ.: ಲಕೋಟೆ ಅಂಟಿಸಿ ಆಗಿತ್ತು, ಮತ್ತೆ ಬಿಚ್ಚಿದೆ. ಭಾವ ಹೇಳುವ ಕಥೆಯಲ್ಲಿ ಒಂದು ತುಂಡು ಇಲ್ಲ. ಅದು ನಿನಗೆ ಗೊತ್ತು. ನನಗೂ ಗೊತ್ತು ಎಂಬುದು ನಿನಗೆ ಗೊತ್ತಿಲ್ಲ.

ಆವತ್ತು ಪೆಟ್ಟಿಗೆಗಳೆಲ್ಲಾ ಬಸ್ಸಿನ ಮೇಲೆ ಹೋದ ಮೇಲೆ ಅಪ್ಪ ನನ್ನನ್ನು ಬಾಟಲಿಗೆ ನೀರು ತುಂಬಿಸಿಕೊಂಡು ಬರಲು ಕಳಿಸಿದರು. ತಿರುಗಿ ಬಂದರೆ ಬಸ್ಸು ಹೊರಟಿತ್ತು. ಬಾಟಲಿ ಮೇಲೆತ್ತಿ ಹಿಡಿದುಕೊಂಡು ಓಡಿದೆ, ನೀರೆಲ್ಲಾ ತೋಳಿನ ಮೇಲೆ ಚೆಲ್ಲುತ್ತಿತ್ತು. ಹಿಂದಿನ ಸೀಟಿನಲ್ಲಿ, ಕಿಟಕಿ ಪಕ್ಕ, ನೀನು ಕೂತಿದ್ದೆ. ಲಗೇಜು ಕಾದದ್ದಕ್ಕೆ ಅಪ್ಪ ನನಗೆ ಕೊಡುತ್ತೇನೆ ಅಂದಿದ್ದ ಸೀಟು ಅದು. ನೀನು ನನ್ನನ್ನು ನೋಡಿದೆ. ಸರಿಯಾಗಿ ನೋಡಿದೆ, ಅಕ್ಕ. ನೋಡಿ ಮುಖ ಮುಂದಕ್ಕೆ ತಿರುಗಿಸಿಕೊಂಡೆ.

ನೀನು ಅಪ್ಪನಿಗೆ ಹೇಳುತ್ತಿದ್ದೀಯ ಅಂದುಕೊಂಡೆ. ಅಕ್ಕ ನೋಡಿದಳಲ್ಲ, ಇನ್ನು ಬಸ್ಸು ನಿಲ್ಲುತ್ತದೆ ಅಂತ ನಾನು ಓಡುವುದನ್ನು ನಿಲ್ಲಿಸಿದೆ.

ಅಷ್ಟು ಚಿಕ್ಕವರಿದ್ದೆವು, ಒಂದು ಸೀಟಿನ ಆಸೆ, ನನಗೆ ಅರ್ಥವಾಗುತ್ತದೆ. ಈಗ ದೊಡ್ಡವರಾಗಿದ್ದೇವೆ, ಈಗಲೂ ನೀನು ಹಾಗೇ ಮಾಡುವುದು ಅರ್ಥವಾಗುತ್ತಿಲ್ಲ.

ಬೆಂಚಿನ ಮೇಲೆ ಕೂತಾಗ ಒಂದು ಸಲ ತಲೆ ಎತ್ತಿ ನೋಡು. ಕೈ ಮೇಲೆತ್ತು. ನಾನು ಮೇಲಿಂದ ನೋಡುತ್ತಿರುತ್ತೇನೆ. ನಾನು ಮುಖ ತಿರುಗಿಸುವುದಿಲ್ಲ.